ಹಲ್ಲು ಹಿಡಿದು ನೋಡುವುದು

ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದಂತೆ.
ಇದು ದಾನವಲ್ಲ. ಮೂರೂಕಾಲು ಲಕ್ಷ.
ಎರಡು ಸಾವಿರದ ಆರರ ಕರಿ ಬೆಂಜು
ಬಿಜೈಯ ಒಂದು ಪೋರ್ಟಿಕೋದಿಂದ
ಮೂತಿ ಮಾತ್ರ ಹೊರಗೆ ಹಾಕಿ ನಿಂತಿದೆ.

ಮಾಲೀಕರು ಬೋನಿಫಾಸ್ ರೆಬೆಲ್ಲೊ,
ಹಡಗಿನ ಸರಕಿನ ಏಜೆಂಟರಾಗಿದ್ದವರು.
ಅವರ ದವಡೆ ನನಗೆ ಗೊತ್ತು.
ಅದರ ಪ್ಲಾಸ್ಟರಿನ ಅಚ್ಚು ಹಂಪನಕಟ್ಟೆಯ ನನ್ನ ಲ್ಯಾಬಿನಲ್ಲಿ
ಮೂರನೇ ಶೆಲ್ಫಿನಲ್ಲಿದೆ, ನಂಬರು ಹಾಕಿ.
ಮೇಲಿನ ಹದಿನಾಲ್ಕು, ಕೆಳಗಿನ ಹದಿನಾಲ್ಕು
ನಾನೇ ಮೇಣದಲ್ಲಿ ಕೂರಿಸಿದ್ದು.

"ಎಂತ ತೊಂದರೆಯೂ ಇಲ್ಲ ಮಾರಾಯ್ರೆ" ಎಂದು ಅವರು ನಕ್ಕಾಗ
ನಕ್ಕದ್ದು ನನ್ನ ಕೈಕೆಲಸ.
ಎಷ್ಟು ಚಂದ ಕೂತಿದೆ ಎಂದು ನೋಡುತ್ತಾ
ಮಾತು ಕೇಳಿಸಿಕೊಳ್ಳುವುದನ್ನೇ ಮರೆತೆ.

ಇದಿನಬ್ಬ ಮರೆಯಲಿಲ್ಲ.
ಬಂದರಿನ ಗ್ಯಾರೇಜಿನಿಂದ ಕರೆತಂದಿದ್ದೆ,
ಅರ್ಧ ದಿನದ ಕೂಲಿ ಮಾತಾಡಿ.
ಅವನು ಏನೂ ಕೇಳದೆ ಬಾನೆಟ್ಟಿನ ಮೇಲೆ
ಮಗುವಿನ ಜ್ವರ ನೋಡುವವರ ಹಾಗೆ ಅಂಗೈ ಇಟ್ಟ.
ಬಿಸಿ ಇತ್ತು.
ನಾವು ಬರುವ ಮೊದಲೇ ಯಾರೋ ಎಂಜಿನನ್ನು ಎಬ್ಬಿಸಿ
ಮುಖ ತೊಳೆಸಿ ಕೂರಿಸಿದ್ದರು,
ಹೆಣ್ಣು ನೋಡಲು ಬರುವ ದಿನದ ಹಾಗೆ.

ಕಾರ್ಪೆಟ್ಟು ಎತ್ತಿ ಬೆರಳು ಎಳೆದ, ಕಂದು ಪುಡಿ ಬಂತು.
ಪಣಂಬೂರಿನ ಗಾಳಿ, ಎಂದ. ಹದಿನೈದು ವರ್ಷದ ಉಪ್ಪು.
ಒಂದು ಪಂಪು ಹೋದರೆ ಕೊಚ್ಚಿಯಿಂದ ಬರಬೇಕು, ಎಂಬತ್ತು ಸಾವಿರ.
ಆರ್‌ಸಿ ಒಮ್ಮೆ ರಿನ್ಯೂವಲ್ ಆಗಿದೆ,
ಇನ್ನೊಮ್ಮೆ ಆಗುತ್ತದೋ ಇಲ್ಲವೋ ಆರ್‌ಟಿಒಗೇ ಗೊತ್ತು.

ನಂತೂರು ಸರ್ಕಲ್ ದಾಟಿ ಕೂಳೂರಿನವರೆಗೆ ಓಡಿಸಿದೆ.
ಸೇತುವೆಯ ಜೋಡುಗಳ ಮೇಲೆ ನನ್ನ ಸ್ಕೂಟರು ಹಲ್ಲು ಕಡಿಯುತ್ತದೆ.
ಇದು ಒಂದೊಂದನ್ನೂ ಸದ್ದಿಲ್ಲದೆ ನುಂಗಿಕೊಂಡಿತು.
"ಇದರಲ್ಲಿ ಎಲ್ಲಿಗೆ ಹೋಗುವುದು? ಮೀನು ತರಲಿಕ್ಕಾ?"
ಹಿಂದಿನ ಸೀಟಿನಿಂದ ಯಶವಂತಿ.
ಮಣ್ಣಗುಡ್ಡೆಯ ನಮ್ಮ ಓಣಿಯಲ್ಲಿ
ಕಸದ ಗಾಡಿಯೇ ಹಿಮ್ಮುಖ ಬರುತ್ತದೆ.
ಹಾಗೆ ಹೇಳುತ್ತಲೇ ಅವಳು ಕಿಟಕಿಯ ಪರದೆಯ ಗುಂಡಿ ಒತ್ತಿದಳು,
ಮೂರು ಸಲ.

ಬಾಗಿಲು ಹಾಕಿದಾಗ ಬಂದ ಸದ್ದನ್ನು ಹೇಗೆ ಹೇಳಲಿ.
ಸರಿಯಾಗಿ ಕೂತ ಸೆಟ್ಟು
ಮೊದಲ ಸಲ ಬಾಯಿಯೊಳಗೆ ಮುಚ್ಚಿಕೊಳ್ಳುವ ಸದ್ದು.
ಇಪ್ಪತ್ತಾರು ವರ್ಷ ಅದಕ್ಕಾಗಿಯೇ ಉಜ್ಜಿದ್ದೇನೆ.
ಸುಮ್ಮನೆ ಇಳಿದು, ಹತ್ತಿ, ಮತ್ತೊಮ್ಮೆ ಹಾಕಿದೆ.

ಹೊರಡುವಾಗ ರೆಬೆಲ್ಲೊ ತಾವಾಗಿಯೇ ಕರೆದು ತೋರಿಸಿದರು:
ಎಡ ಬಾಗಿಲಿನ ಕೆಳಗೆ ಒಂದು ಗೀರು.
"ಹೇಳದೆ ಇರಬಾರದಲ್ಲ."
ಒಳ್ಳೆಯ ಜನ, ಎಂದಳು ಯಶವಂತಿ ಗೇಟಿನ ಹೊರಗೆ.
ಇದಿನಬ್ಬ ಕೈ ಒರಸಿಕೊಂಡ.

ರಾತ್ರಿ ಲ್ಯಾಬಿನಲ್ಲಿ ಅಚ್ಚು ಕೆಳಗಿಳಿಸಿ ದೂಳು ಊದಿದೆ.
ಅವರ ಹಲ್ಲನ್ನು ನಾನು ನೇರ ಸಾಲಿನಲ್ಲಿ ಕೂರಿಸಿರಲಿಲ್ಲ.
ಮುಂದಿನದೊಂದನ್ನು ಬೇಕೆಂದೇ ಕೂದಲೆಳೆಯಷ್ಟು ವಾರೆ ಮಾಡಿ
ಕೋರೆಯ ಬುಡಕ್ಕೆ ಚಹಾದ ಬಣ್ಣ ತಾಗಿಸಿ ಕೊಟ್ಟಿದ್ದೆ.
ಒಂದು ಊನ ಕಂಡರೆ
ಉಳಿದದ್ದನ್ನು ಯಾರೂ ಅಲ್ಲಾಡಿಸಿ ನೋಡುವುದಿಲ್ಲ.

ಕನ್ನಡಿಯಲ್ಲಿ ನೋಡಿ ಅದನ್ನು ಅವರು ಕಲಿತರೋ,
ಬಂದರಿನ ದಿನಗಳಿಂದಲೇ ತಿಳಿದಿತ್ತೋ,
ಅಥವಾ ಗೀರು ಬರೀ ಗೀರೋ.

ನಾಳೆ ಬೆಳಿಗ್ಗೆ ಆರಕ್ಕೆ ಫೋನು ಮಾಡದೆ ಹೋಗುತ್ತೇನೆ.
ಕೆಳಗಿನ ಸೆಟ್ಟು ಎಡಕ್ಕೆ ಒತ್ತುತ್ತದೆ ಎಂದಿದ್ದರಲ್ಲ, ಅದೇ ನೆಪ.
ಆ ಹೊತ್ತಿಗೆ ಹಲ್ಲು ಇನ್ನೂ ಲೋಟದ ನೀರಿನಲ್ಲಿರುತ್ತದೆ,
ಎಂಜಿನು ತಣ್ಣಗಿರುತ್ತದೆ.
ಇಬ್ಬರೂ ಬಾಯಿ ಬಿಡಲಿ,
ಕೇಳುತ್ತೇನೆ.